ಹೊಗೆ ತುಂಬಿದ ತಿಂಗಳಲ್ಲಿ ಅಣ್ಣ ಬಂದದ್ದು

ಮೊನ್ನೆ ಬೆಳಿಗ್ಗೆ ದೇವರಿಗೆ ಹೂವು ಕೊಯ್ಯೋಣ ಅಂತ ಕಾರಿಡಾರಿನ ಬಾಗಿಲು ತೆಗೆದೆ. ಕುಂಡದಲ್ಲಿ ಮೂರು ದಾಸವಾಳ ಅರಳಿದ್ದವು. ಕೈ ಚಾಚುವ ಮೊದಲೇ ಮೂಗಿಗೆ ಹೊಗೆ ಬಡಿಯಿತು. ಸಮುದ್ರದ ಆಚೆ ಎಲ್ಲೋ ಕಾಡು ಉರಿದು, ಗಾಳಿ ತಿರುಗಿದಾಗ ಈ ಸಿಂಗಾಪುರದ ಮೇಲೆ ಬಂದು ಕೂರುವ ಹೊಗೆ. ಪಕ್ಕದ ಮನೆಯ ಚೀನೀ ಅಜ್ಜಿ "ಹೇಜ್! ಹೇಜ್!" ಅಂತ ಕೈ ಬೀಸಿ ನನಗೂ ಹೇಳಿ ಬಾಗಿಲು ಹಾಕಿಕೊಂಡರು. ನಾನು ಹೂವಿನ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತೆ. ಇಪ್ಪತ್ತೈದು ವರ್ಷದ ಮೇಲಾಯಿತು. ಆ ವಾಸನೆ ಬಂದರೆ ಇವತ್ತಿಗೂ ಅಣ್ಣನ ಮುಚ್ಚಿದ ಬಾಯಿಯೇ ನನ್ನ ಕಣ್ಣಿಗೆ ಕಟ್ಟುವುದು.

ತೊಂಬತ್ತರ ದಶಕದ ಕೊನೆಗೆ ಬರುತ್ತಿದ್ದ ವರ್ಷ ಅದು. ಭಾದ್ರಪದದಲ್ಲಿ ಬಂದ ಹೊಗೆ ದೀಪಾವಳಿ ಹತ್ತಿರವಾದರೂ ಹೋಗಲಿಲ್ಲ. ಟಿವಿಯಲ್ಲಿ ದಿನಾ ಹೊಗೆಯ ಅಂಕಿ ಹೇಳುತ್ತಿದ್ದರು. ಮಧ್ಯಾಹ್ನದ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದಿತ್ತು, ಕುಂಕುಮದ ಬೊಟ್ಟಿನ ಹಾಗೆ. ನಾವಾಗ ಯಿಶುನ್ ಬಡಾವಣೆಯ ಫ್ಲ್ಯಾಟಿನಲ್ಲಿದ್ದೆವು. ನಮ್ಮವರಿಗೆ ಸೆಲೆಟಾರಿನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಮಗಳು ಪೂರ್ಣಿಮಾ ಮೂರನೇ ಕ್ಲಾಸು. ನಾನು ಮನೆ, ಅಡುಗೆ, ದೇವರು ಅಂತ ಇದ್ದವಳು. ಇಂಗ್ಲಿಷ್ ಅರ್ಧ, ತಮಿಳು ಮುಕ್ಕಾಲು ಬರುತ್ತಿತ್ತು. ಎರಡೂ ಟೆಕ್ಕಾ ಮಾರ್ಕೆಟ್ಟಿನಲ್ಲಿ ತರಕಾರಿಗೆ ಚೌಕಾಸಿ ಮಾಡಿ ಕಲಿತದ್ದು.

ಅಣ್ಣ ನನಗಿಂತ ಹದಿನಾರು ವರ್ಷ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಓದಿಸಿದ್ದು, ಧಾರೆ ಎರೆದು ಕೊಟ್ಟಿದ್ದು ಎಲ್ಲ ಅವನೇ. ಗಣಿತದ ಮೇಷ್ಟ್ರಾಗಿದ್ದು ರಿಟೈರಾದ ಮೇಲೆ ಊರವರ ಒತ್ತಾಯಕ್ಕೆ ಪುರಸಭೆಗೆ ನಿಂತು, ಗೆದ್ದು, ಅಧ್ಯಕ್ಷನಾದ. ಆಮೇಲೆ ಅವನಿಗೊಂದು ಹುಚ್ಚು ಹತ್ತಿತು. ಯಾವ ಊರಿನ ಪುರಸಭೆಯವರು ಕಸಕ್ಕೆ ಏನೋ ಹೊಸತು ಮಾಡಿದ್ದಾರೆ ಅಂತ ಕಿವಿಗೆ ಬಿದ್ದರೆ ಸಾಕು, ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತುವುದು. ಅಲ್ಲಿಯ ಅಧ್ಯಕ್ಷರನ್ನು ಹುಡುಕಿಕೊಂಡು ಹೋಗಿ ಕೂತು ಮಾತಾಡುವುದು. ಕೇರಳ, ಗೋವಾ, ಮಹಾರಾಷ್ಟ್ರ ಅಂತ ತಿರುಗಿ ಪ್ರತೀ ಊರಿಂದ ನನಗೊಂದು ಕಾಗದ. "ಇಲ್ಲಿಯ ಅಧ್ಯಕ್ಷರು ತುಂಬಾ ಸಜ್ಜನರು. ಚರಂಡಿ ಮಾತ್ರ ನಮ್ಮದಕ್ಕಿಂತ ಕಡೆ." ಅತ್ತಿಗೆ ಫೋನಿನಲ್ಲಿ ನಗುತ್ತಿದ್ದರು: "ಬೇರೆ ಗಂಡಸರು ರಿಟೈರಾದ್ರೆ ತೀರ್ಥಯಾತ್ರೆ ಹೋಗ್ತಾರೆ. ನಿನ್ನ ಅಣ್ಣನದ್ದು ಚರಂಡಿಯಾತ್ರೆ."

ಆ ವರ್ಷ ಬೇರೆ ಬೇರೆ ದೇಶದ ಸಣ್ಣ ಊರುಗಳ ಮೇಯರುಗಳು, ಅಧ್ಯಕ್ಷರು ಸಿಂಗಾಪುರದಲ್ಲಿ ಸೇರುವ ಸಭೆ ಇತ್ತು. ಅಣ್ಣನಿಗೂ ಕರೆ ಬಂತು. ಹತ್ತು ನಿಮಿಷ ಮಾತಾಡಲು ಅವಕಾಶ. "ಪಿತೃಪಕ್ಷದಲ್ಲಿ ಸಮುದ್ರ ದಾಟುದು ಬೇಡ" ಅಂತ ಅತ್ತಿಗೆ ಹೇಳಿ ನೋಡಿದರು. ಅವನು ಕೇಳುವವನಲ್ಲ. ನನಗಂತೂ ಹಿಗ್ಗು. ಹತ್ತು ವರ್ಷದಲ್ಲಿ ತವರಿನವರು ಯಾರೂ ನನ್ನ ಹೊಸ್ತಿಲು ದಾಟಿರಲಿಲ್ಲ.

ಇಲ್ಲಿ ಏಕಾದಶಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಏಕಾದಶಿ ಅನ್ನ, ನೀರು ಮುಟ್ಟದ ಉಪವಾಸ. ಮರುದಿನ ದ್ವಾದಶಿ ಬೆಳಿಗ್ಗೆ ಬೇಗ ಊಟ ಮಾಡಿ ಉಪವಾಸ ಬಿಡುವುದು, ಅದಕ್ಕೆ ಪಾರಣೆ ಅನ್ನುತ್ತೇವೆ. ಬೆಳಗಿನ ಜಾವದಲ್ಲಿ ದಶಮಿ ಸ್ವಲ್ಪ ಉಳಿದಿದ್ದರೂ ಆ ದಿನ ಉಪವಾಸಕ್ಕೆ ಆಗುವುದಿಲ್ಲ, ಮರುದಿನಕ್ಕೆ ಹೋಗುತ್ತದೆ. ಸಿಂಗಾಪುರದಲ್ಲಿ ಸೂರ್ಯ ಊರಿಗಿಂತ ಸುಮಾರು ಎರಡು ಗಂಟೆ ಮೊದಲು ಹುಟ್ಟುತ್ತಾನೆ. ಇಲ್ಲಿ ಬೆಳಗಾಗುವಾಗ ದಶಮಿ ಇನ್ನೂ ಮುಗಿಯದೆ, ಒಂದೊಂದು ಸಲ ಊರಲ್ಲಿ ಏಕಾದಶಿ ಇವತ್ತಾದರೆ ಇಲ್ಲಿ ನಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಗೊಂದಲಕ್ಕೆ ಬಿದ್ದು ಅಣ್ಣನಿಗೆ ಬರೆದಿದ್ದೆ. ಅವನು ಎರಡು ಹಾಳೆ ಲೆಕ್ಕ ಬರೆದು ಕಳಿಸಿದ. ಪಂಚಾಂಗದ ಗಳಿಗೆ ಹೇಗೆ ಕಳೆಯಬೇಕು, ಹೇಗೆ ನೋಡಬೇಕು ಅಂತ. ಕೊನೆಗೆ ಒಂದು ಸಾಲು: "ಯಾವ ಊರಲ್ಲಿ ನಿದ್ದೆಯಿಂದ ಏಳ್ತಿಯೋ ಆ ಊರಿನ ಸೂರ್ಯನೇ ನಿನಗೆ ಲೆಕ್ಕ." ಅವತ್ತಿನಿಂದ ನನ್ನದು ಅದೇ ಲೆಕ್ಕ. ಬಸುರಿಯಾಗಿದ್ದಾಗಲೂ ಒಂದು ಏಕಾದಶಿ ತಪ್ಪಿಸಲಿಲ್ಲ.

ಮದ್ರಾಸಿನಿಂದ ರಾತ್ರಿ ವಿಮಾನ ಹತ್ತಿ ಅಣ್ಣ ಬೆಳಿಗ್ಗೆ ಬಂದಿಳಿದ. ನಮ್ಮವರು ಚಾಂಗಿ ವಿಮಾನ ನಿಲ್ದಾಣಕ್ಕೆ ಹೋಗಿ ಕರಕೊಂಡು ಬಂದರು. ಲಿಫ್ಟಿನ ಬಾಗಿಲು ತೆರೆದದ್ದೇ ಅವನ ಮೊದಲ ಮಾತು: "ಎಂತದು ಮಾರಾಯ್ತಿ ಈ ಹೊಗೆ? ನಮ್ಮೂರ ಕಸದ ರಾಶಿಗೆ ಬೆಂಕಿ ಹಾಕಿದ್ರೂ ಇಷ್ಟು ಬರುದಿಲ್ಲ. ನಾನು ಇವರ ಹತ್ರ ಕಲೀಲಿಕ್ಕೆ ಬಂದದ್ದಾ, ಕಲಿಸ್ಲಿಕ್ಕಾ?"

ಕಾಲಿಗೆ ನಮಸ್ಕಾರ ಮಾಡಿದೆ. ಮುಖ ಬಾಡಿತ್ತು, ಪ್ರಯಾಣದ ಆಯಾಸ ಅಂದುಕೊಂಡೆ. ಸ್ನಾನ, ಜಪ ಮುಗಿಸಿ ಅವನು ಅಡುಗೆಮನೆಗೆ ಬಂದು ನಿಂತ. ಒಲೆ ಹಚ್ಚಿರಲಿಲ್ಲ.

"ಇವತ್ತು ಏಕಾದಶಿಯಲ್ವಾ ಅಣ್ಣ" ಅಂದೆ. "ನೀನು ಕಲಿಸಿದ ಲೆಕ್ಕವೇ. ನಿನಗೋಸ್ಕರ ನಾಳೆ ಪಾರಣೆಗೆ ಎಲ್ಲ ತಂದಿಟ್ಟಿದ್ದೇನೆ. ನೆಲ್ಲಿಕಾಯಿ ಸಿಕ್ಕಿದೆ ಗೊತ್ತುಂಟಾ, ಈ ಊರಲ್ಲಿ!"

"ಹೌದಾ? ಇವತ್ತಾ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಪೆನ್ಸಿಲಿನಲ್ಲಿ ಬರೆದ ಗಂಟೆ, ಗಳಿಗೆ ಎಲ್ಲ ಕನ್ನಡಕ ಏರಿಸಿ ನೋಡಿದ. ಪರೀಕ್ಷೆ ಪೇಪರು ತಿದ್ದುವವನ ಹಾಗೆ ತಲೆ ಆಡಿಸಿದ. "ಸರಿ ಉಂಟು. ಪಾಸು."

ಆ ಸ್ವಲ್ಪ ಹೊತ್ತು ಅವನು ಸುಮ್ಮನಿದ್ದನಲ್ಲ, ಅದನ್ನು ನಾನು ನೋಡಿದ್ದೆ. ಕೇಳಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ. ಚೀಲದಿಂದ ಮಾತ್ರೆ ತೆಗೆದು ನೀರು ಕೇಳಿದ. "ಮದ್ದಿಗೆ ದೋಷ ಇಲ್ಲ" ಅಂದ. ನಾನೇ ಬೆಳ್ಳಿ ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟೆ. ಮಾತ್ರೆ ನುಂಗಿದ. ಹೊಟ್ಟೆಯಲ್ಲಿ ಏನೂ ಇಲ್ಲದೆ ಆ ಮಾತ್ರೆ ನುಂಗಬಾರದು ಅಂತ ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಒಂದು ದಿನಕ್ಕೇನಾಗುತ್ತದೆ ಅಂದುಕೊಂಡನೋ.

ಹನ್ನೊಂದು ಗಂಟೆಗೆ ನಮ್ಮವರು ಅವನನ್ನು ತಂಜಾಂಗ್ ಪಗಾರ್ ಹತ್ತಿರದ ಹೋಟೆಲಿಗೆ ಬಿಟ್ಟು ಕೆಲಸಕ್ಕೆ ಹೋದರು. ಸಭೆಗೆ ಬಂದವರಿಗೆಲ್ಲ ಅಲ್ಲೇ ಕೋಣೆ. ಸಂಜೆ ನಾಲ್ಕಕ್ಕೆ ಎಲ್ಲರೂ ಸೇರಿ ತಂತಮ್ಮ ಊರಿನ ಪರಿಚಯ ಹೇಳುವ ಕಾರ್ಯಕ್ರಮ.

ಐದೂವರೆಗೆ ಫೋನು ಬಂತು. ತಮಿಳಿನಲ್ಲಿ ಒಂದು ಹೆಂಗಸಿನ ಸ್ವರ. ತಮಿಳುನಾಡಿನ ಸಣ್ಣ ಊರೊಂದರ ಪುರಸಭೆ ಅಧ್ಯಕ್ಷೆ, ಹೆಸರು ಸೆಲ್ವಿ ಅಂದರು. ವಿಮಾನದಲ್ಲಿ ಅಣ್ಣನ ಪಕ್ಕದ ಸೀಟಿನಲ್ಲಿ ಕೂತು ಬಂದವರು. ಸಭೆಯಲ್ಲಿ ಅಣ್ಣನ ಹೆಸರು ಕರೆದಾಗ ಕುರ್ಚಿ ಖಾಲಿ. ದಾರಿಯಿಡೀ ಕಸದ ಬಗ್ಗೆ ಬಾಯಿ ಮುಚ್ಚದೆ ಮಾತಾಡಿದ ಮನುಷ್ಯ ತನ್ನ ಸರದಿ ತಪ್ಪಿಸುವವನಲ್ಲ ಅಂತ ಆಕೆಗೆ ಅನುಮಾನ ಬಂದು, ಹೋಟೆಲಿನವರನ್ನು ಕರಕೊಂಡು ಕೋಣೆಗೆ ಹೋಗಿದ್ದಾರೆ. ಅಣ್ಣ ಕೋಟು ಹಾಕಿಕೊಂಡು, ಭಾಷಣದ ಹಾಳೆ ತೊಡೆ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ವಾಲಿದ್ದ. ಮೈಯೆಲ್ಲ ತಣ್ಣನೆಯ ಬೆವರು. ಕರೆದರೆ ಓ ಅನ್ನಲಿಲ್ಲ, ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಕಳಿಸಿದ್ದಾರೆ.

ಆಸ್ಪತ್ರೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಪೂರ್ಣಿಮಾಳ ಕೈ ಹಿಡಿದಿದ್ದೆ, ಟ್ಯಾಕ್ಸಿಯ ಹೊರಗೆ ಹೊಗೆ ಇತ್ತು, ಅಷ್ಟು ನೆನಪು. ಸಣ್ಣ ವಯಸ್ಸಿನ ಚೀನೀ ಡಾಕ್ಟರಮ್ಮ ಬಂದು ಹೇಳಿದರು: ರಕ್ತದಲ್ಲಿ ಸಕ್ಕರೆ ತಳ ಕಂಡಿದೆ, ಮಿದುಳಿಗೆ ತುಂಬಾ ಹೊತ್ತು ಆಹಾರ ಸಿಕ್ಕಿಲ್ಲ, ಸಕ್ಕರೆ ನೀರು ಏರಿಸುತ್ತಿದ್ದೇವೆ, ಏರಿಸಿದರೂ ಮಾತ್ರೆಯ ಶಕ್ತಿ ಪುನಃ ಇಳಿಸುತ್ತಿದೆ. "ಕೊನೆಯ ಸಲ ಊಟ ಮಾಡಿದ್ದು ಯಾವಾಗ?" ಅಂತ ಕೇಳಿದರು.

"ನಿನ್ನೆ ರಾತ್ರಿ" ಅಂದೆ. ಅದೇ ನಿಜ ಅಂತ ನಂಬಿದ್ದೆ.

ಅಲ್ಲಿಂದಲೇ ಊರಿಗೆ ಫೋನು ಮಾಡಿದೆ. ಹೇಗೆ ಹೇಳುವುದು ಅಂತ ಮಾತು ಹುಡುಕುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಉತ್ಸಾಹದಲ್ಲಿ ಶುರು ಮಾಡಿದರು.

"ಮುಟ್ಟಿದ್ರಾ? ಪಾರಣೆಗೆ ಎಂತ ಮಾಡಿದ್ದೆ? ಗಂಜಿಯಾದ್ರೂ ಬೇಗ ಹಾಕಿದ್ಯಲ್ಲ? ನಿನ್ನೆ ಮದ್ರಾಸಲ್ಲಿ ಇಡೀ ದಿನ ಖಾಲಿ ಹೊಟ್ಟೆ. ಪ್ರಯಾಣದಲ್ಲಿ ಏಕಾದಶಿ ಬೇಡ ಅಂದ್ರೆ ಕೇಳುವ ಜನವಾ?"

ಊರಿನ ಏಕಾದಶಿ ನಿನ್ನೆಯೇ ಆಗಿಹೋಗಿತ್ತು. ಮದ್ರಾಸಿನ ಸೂರ್ಯನ ಲೆಕ್ಕಕ್ಕೂ ನಿನ್ನೆಯೇ. ಅಣ್ಣ ನಿನ್ನೆ ಅಲ್ಲಿ ಎದ್ದ, ಉಪವಾಸ ಮಾಡಿದ. ಇವತ್ತು ನನ್ನ ಅಡುಗೆಮನೆಯಲ್ಲಿ ನಿಂತು, ಇಲ್ಲಿಯ ಸೂರ್ಯನಿಗೆ ಪುನಃ ಉಪವಾಸ ಮಾಡಿದ. ಪಾರಣೆ ಆಗಬೇಕಾದ ಹೊತ್ತಿಗೆ ನಾನು ಅವನ ಕೈಗೆ ಕೊಟ್ಟದ್ದು ಮಾತ್ರೆ. ಎರಡು ದಿನದ ಖಾಲಿ ಹೊಟ್ಟೆ, ಎರಡು ದಿನದ ಮಾತ್ರೆ. ತಂಗಿಯ ಲೆಕ್ಕ ಸರಿ ಬಂತಲ್ಲ ಎಂಬ ಖುಷಿಗೆ ಬಾಯಿ ಬಿಟ್ಟು ಹೇಳಲಿಲ್ಲ.

"ಹೇಳು ಮಾರಾಯ್ತಿ, ಪಾರಣೆ ಆಯ್ತಾ?"

"ಆಯ್ತು ಅತ್ತಿಗೆ" ಅಂದೆ. ಆಮೇಲೆ ಹೋಟೆಲಿನಲ್ಲಿ ತಲೆ ತಿರುಗಿ ಬಿದ್ದಿದ್ದಾನೆ, ಡಾಕ್ಟರು ನೋಡುತ್ತಿದ್ದಾರೆ ಅಂದೆ. ಎರಡನೆಯದನ್ನು ಹೇಳುವಾಗ ನಡುಗದ ನಾಲಿಗೆ ಮೊದಲನೆಯದಕ್ಕೆ ನಡುಗಿತ್ತು.

ಡಾಕ್ಟರಮ್ಮನ ಹಿಂದೆ ಓಡಿಹೋಗಿ ನಿಜ ಹೇಳಿದೆ. ಅವರು ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನ ದ್ವಾದಶಿ. ನನಗೆ ಪಾರಣೆ ಬೇಡವಾಯಿತು. ಅಣ್ಣ ಕಣ್ಣು ಬಿಡುವವರೆಗೆ ನೀರೂ ಕುಡಿಯುವುದಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡು ವಾರ್ಡಿನ ಹೊರಗೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಕೂತಲ್ಲೇ ಕಣ್ಣು ಕತ್ತಲಾಗುತ್ತಿತ್ತು. ನಮ್ಮವರು ಜಾಸ್ತಿ ಮಾತಾಡುವವರಲ್ಲ. ಎದುರಿಗೆ ನಿಂತು, "ಇನ್ನೊಂದು ಬೆಡ್ ಬುಕ್ ಮಾಡ್ಬೇಕಾ?" ಅಂದರು. ಪೂರ್ಣಿಮಾ ನನ್ನ ಸೆರಗು ಎಳೆದು, ಇಲ್ಲಿಯ ಶಾಲೆಮಕ್ಕಳ ಮಾತಿನ ರೀತಿಯಲ್ಲಿ "ಅಮ್ಮಾ, ಅಳ್ಬೇಡ ಲಾ. ನೀನು ಫೇಂಟ್ ಆದ್ರೆ ಮಾಮನ್ನ ಯಾರು ನೋಡ್ಕೊಳ್ಳೋದು?" ಅಂದಳು. ಅವಳು ಅರ್ಧ ಕಚ್ಚಿದ್ದ ಬನ್ನು ನನ್ನ ಕೈಯಲ್ಲಿಟ್ಟಳು. ಅದನ್ನು ತಿಂದೆ. ಪಾರಣೆಗೆ ತಂದ ನೆಲ್ಲಿಕಾಯಿ ಫ್ರಿಜ್ಜಿನಲ್ಲಿ ಹಾಗೇ ಇತ್ತು.

ಕಷ್ಟ ಬಂದಾಗ ಜಪದ ಹಾಗೆ ಬೆರಳ ಗೆಣ್ಣಿನ ಮೇಲೆ ದೇವರು ಕೊಟ್ಟದ್ದನ್ನು ಎಣಿಸುವುದು ನನ್ನ ಅಭ್ಯಾಸ. ಆ ದಿನಗಳಲ್ಲಿ ಎಣಿಸಲು ಕೂತರೆ ಒಂದು ಕೈಯೂ ತುಂಬುತ್ತಿರಲಿಲ್ಲ. ಸೆಲ್ವಿ ಕೋಣೆಯ ಬಾಗಿಲು ತೆಗೆಸಿದ್ದು ಒಂದು. ಉಸಿರು ಅವನದೇ ಇದ್ದದ್ದು, ಮೆಷಿನ್ನಿನದಲ್ಲ, ಅದೊಂದು. ಕಾಲಿಗೆ ಗಿಲ್ಲಿದಾಗ ಎಡಗಾಲು ಎಳೆದುಕೊಂಡ, ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಆಮೇಲೆ ಸುಮ್ಮನೆ ಬೆರಳು ಹಿಡಿದು ಕೂರುತ್ತಿದ್ದೆ.

ಮೂರನೇ ದಿನ ಸಭೆಯ ಜನ ನೋಡಲು ಬಂದರು. ಸೆಲ್ವಿ, ಮಲೇಷಿಯಾದ ಒಂದು ಊರಿನ ದಪ್ಪ ಅಧ್ಯಕ್ಷರು, ಇನ್ನಿಬ್ಬರು. ಎಲ್ಲರ ಕೊರಳಲ್ಲೂ ಬ್ಯಾಡ್ಜು. ಅಣ್ಣನ ಬ್ಯಾಡ್ಜನ್ನೂ ತಂದು ದಿಂಬಿನ ಪಕ್ಕ ಇಟ್ಟರು. ಅವನು ಮಾತಾಡಬೇಕಿದ್ದ ಹತ್ತು ನಿಮಿಷ ಹಿಂದಿನ ದಿನವೇ ಕಳೆದುಹೋಗಿತ್ತು. ಏನು ಮಾತಾಡಬೇಕು ಅಂತ ತೋಚದೆ ಎಲ್ಲರೂ ನಿಂತರು. ಸೆಲ್ವಿಯೇ ಸೊಂಟಕ್ಕೆ ಕೈಯಿಟ್ಟು ಹೇಳಿದರು: "ಮೌನ ಯಾಕೆ? ಇವರ ಕಿವಿಯಲ್ಲಿ ಕಸದ ವಿಷಯ ಮಾತಾಡಿ. ಏಳದಿದ್ದರೆ ಕೇಳಿ."

ಮಲೇಷಿಯಾದವರು ನಿಜವೆಂದೇ ತಿಳಿದು, ಬಗ್ಗಿ, ಅಣ್ಣನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ತಮ್ಮೂರಿನ ಮೀನು ಮಾರ್ಕೆಟ್ಟಿನ ಕಸ ಎಲ್ಲಿ ಹಾಕುತ್ತಾರೆ ಅಂತ ವಿವರವಾಗಿ ಹೇಳತೊಡಗಿದರು. ಇನ್ನೊಬ್ಬರು "ನಮ್ಮಲ್ಲಿ ಹಾಗಲ್ಲ" ಅಂತ ನಡುವೆ ಬಾಯಿ ಹಾಕಿದರು. ಮಂಚದ ಎರಡು ಬದಿ ನಿಂತು ಇಬ್ಬರೂ ವಾದಕ್ಕೆ ಬಿದ್ದರು. ನರ್ಸು ಬಂದು ಗದರಿಸುವವರೆಗೆ. ನಾನು ಅಣ್ಣನ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಕೂಡ ಅಲುಗಲಿಲ್ಲ. ಹೊರಡುವಾಗ ಸೆಲ್ವಿ ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟರು. "ಊರು ಕ್ಲೀನ್ ಮಾಡುತ್ತೇನೆ ಅಂತ ಬಂದ ಮನುಷ್ಯ ಹೀಗೆ ಮಲಗಬಾರದುಮ್ಮಾ" ಅಂದರು. ಸಭೆ ಮುಗಿದು ಅವರೆಲ್ಲ ತಂತಮ್ಮ ಊರಿಗೆ ಹೋದರು.

ಐದನೇ ದಿನ ಸುಳ್ಳು ನನ್ನ ಎದೆಯಲ್ಲಿ ನಿಲ್ಲಲಿಲ್ಲ. ಅತ್ತಿಗೆಗೆ ಫೋನು ಮಾಡಿದೆ. ಅವರಿಗೆ ಪಾಸ್‌ಪೋರ್ಟ್ ಇಲ್ಲ, ಮಾಡಿಸಿ ಬರುವಷ್ಟರಲ್ಲಿ ತಿಂಗಳು. ಫೋನಿನ ಪಕ್ಕವೇ ಕೂತಿರುತ್ತಿದ್ದರು.

"ಅತ್ತಿಗೆ, ಅವತ್ತು ಪಾರಣೆ ಆಗಿರ್ಲಿಲ್ಲ. ಇಲ್ಲಿ ಏಕಾದಶಿ ಅಂತ ನಾನೇ ಹೇಳಿದೆ. ಅವನು ಎರಡನೇ ದಿನವೂ ಉಪವಾಸ ಇದ್ದ. ಮಾತ್ರೆಗೆ ನೀರು ಕೊಟ್ಟದ್ದೂ ನಾನೇ."

ಅತ್ತಿಗೆಯ ಸ್ವರ ಬಂತು, ನಾನು ಹಿಂದೆಂದೂ ಕೇಳದ ಸ್ವರ.

"ನಿನ್ನನ್ನು ಎಂತ ಹೇಳುದು ಅಂತ ನನಗೆ ಈಗ ಗೊತ್ತಾಗುದಿಲ್ಲ ವಸಂತಿ. ಆಮೇಲೆ ನೋಡುವ. ಅವರಿಗೆ ಊಟ ಮಾಡಿಸು. ನನಗೆ ಮತ್ತೆ ಎಂತದೂ ಬೇಡ. ಅವರ ಹೊಟ್ಟೆಗೆ ನಿನ್ನ ಕೈಯಿಂದ ಅನ್ನ ಹೋಗ್ಬೇಕು."

ಏಳನೇ ದಿನ ಅಣ್ಣ ಕಣ್ಣು ತೆರೆದ. ಸೆರಂಗೂನ್ ರೋಡಿನ ದೇವಸ್ಥಾನಕ್ಕೆ ಹೋಗಿ ತುಪ್ಪದ ದೀಪ ಹಚ್ಚಿಸಿ ಬಂದೆ. ಆದರೆ ಕಣ್ಣು ತೆರೆದವನು ನನ್ನ ಅಣ್ಣನಾಗಿರಲಿಲ್ಲ. ನನ್ನನ್ನು ನೋಡಿದ, ಕಿಟಕಿಯನ್ನು ನೋಡಿದ, ಎರಡೂ ಒಂದೇ ಎಂಬ ಹಾಗೆ. ಡಾಕ್ಟರಮ್ಮ ಎರಡು ಬೆರಳು ತೋರಿಸಿ ಎಷ್ಟು ಅಂತ ಕೇಳಿದರು. "ಸಂಪಿಗೆ" ಅಂದ. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿದವನು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂಗಿನಿಂದ ಹಾಕಿದ ನಳಿಗೆಯಲ್ಲಿ ಆಹಾರ ಹೋಗುತ್ತಿತ್ತು. ಅದನ್ನು ಎರಡು ಸಲ ಕಿತ್ತು ಹಾಕಿದ. ಹತ್ತನೇ ದಿನ ನಳಿಗೆ ತೆಗೆದು, ನುಂಗುವ ಶಕ್ತಿ ಉಂಟು, ಬಾಯಿಂದ ಕೊಟ್ಟು ನೋಡಿ ಅಂದರು. ಮನೆಯಿಂದ ಕುಚ್ಚಲಕ್ಕಿ ಗಂಜಿ ತೆಳ್ಳಗೆ ಸೋಸಿ ತಂದೆ. ಚಮಚ ತುಟಿಗೆ ಮುಟ್ಟಿದ ಕೂಡಲೇ ಅಣ್ಣ ಬಾಯಿ ಬಿಗಿದ. ದವಡೆ ಕಲ್ಲಾಯಿತು. ನರ್ಸು ಹಾಕಿ ನೋಡಿದರು, ನಮ್ಮವರು ಹಾಕಿ ನೋಡಿದರು, ಆಗಲಿಲ್ಲ. ಸಾಯಂಕಾಲ ಪುನಃ ಹೋದಾಗ, ಬಾಯಿ ಬಿಗಿದೇ, ಹಲ್ಲಿನ ಸಂದಿಯಿಂದ ಒಂದೇ ಒಂದು ಶಬ್ದ ಬಂತು.

"ಏಕಾದಶಿ."

ಹೆಂಡತಿಯ ಹೆಸರು ಮರೆತಿದ್ದ, ತನ್ನ ಹೆಸರು ಮರೆತಿದ್ದ, ಇದೊಂದು ಉಳಿದಿತ್ತು. ಅವನ ತಲೆಯಲ್ಲಿ ಅವತ್ತಿನ ದಿನ ಇನ್ನೂ ಮುಗಿದೇ ಇರಲಿಲ್ಲ.

ವಾರ್ಡಿನಲ್ಲಿ ತಲೆಗೆ ಬಟ್ಟೆ ಕಟ್ಟಿದ ಮಲಯ ನರ್ಸ್ ಒಬ್ಬರಿದ್ದರು. ಏನು ಹೇಳುತ್ತಿದ್ದಾರೆ ಅಂತ ಕೇಳಿದರು. ಉಪವಾಸ ಅನ್ನುತ್ತಿದ್ದಾನೆ ಅಂದೆ. ಅವರು ನಿಟ್ಟುಸಿರು ಬಿಟ್ಟರು. "ನಾವೂ ತಿಂಗಳು ಪೂರ್ತಿ ಮಾಡ್ತೇವೆ ಆಂಟಿ. ಕಾಯಿಲೆಯವರಿಗೆ ಬೇಡ ಅಂತ ಉಂಟು. ನಿಮ್ಮಲ್ಲಿ ಇಲ್ಲವಾ?" ಇದೆ. ನಮ್ಮಲ್ಲೂ ಇದೆ. ಅವನಿಗೆ ಅದನ್ನು ಹೇಳಿ ಒಪ್ಪಿಸುವುದು ಹೇಗೆ?

ಮರುದಿನ ಬೆಳಿಗ್ಗೆ ಗಂಜಿಯ ಜೊತೆ ಫ್ರಿಜ್ಜಿನ ನೆಲ್ಲಿಕಾಯಿ ಅರೆದು ತಂಬುಳಿ ಮಾಡಿ ತಂದೆ. ಪಾರಣೆಯ ಊಟದಲ್ಲಿ ನಮಗೆ ನೆಲ್ಲಿಕಾಯಿ ಇರಲೇಬೇಕು. ತುಟಿಗೆ ಸವರಿದೆ. ಕಿವಿಯ ಹತ್ತಿರ ಬಗ್ಗಿ, "ದ್ವಾದಶಿ ಅಣ್ಣ. ಪಾರಣೆ" ಅಂದೆ. ಅವನ ನಾಲಿಗೆ ಹೊರಗೆ ಬಂತು. ರುಚಿ ನೋಡಿತು. ದವಡೆ ಸಡಿಲವಾಯಿತು. ನಾಲ್ಕು ಚಮಚ ಗಂಜಿ ಒಳಗೆ ಹೋಯಿತು. ಅವತ್ತು ಪಂಚಮಿಯೋ ಏನೋ. ನವರಾತ್ರಿ ಶುರುವಾಗಿ ದಿನ ಕಳೆದದ್ದೂ ನನಗೆ ತಿಳಿದಿರಲಿಲ್ಲ.

ಆಮೇಲೆ ದಿನಾ ಅದೇ. ನೆಲ್ಲಿಕಾಯಿ ತೋರಿಸುವುದು, ದ್ವಾದಶಿ ಅನ್ನುವುದು. ತಿಥಿ ಬದಲಿಸಿ ಹೇಳುವುದು ಎಂಥ ಪಾಪ ಅಂತ ನನಗೆ ಗೊತ್ತು. ದೇವರ ಮುಂದೆ ದೀಪ ಹಚ್ಚುವಾಗ ತಲೆ ಎತ್ತುತ್ತಿರಲಿಲ್ಲ. ಆದರೆ ಗಂಜಿಯ ಚಮಚ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು. ನಾಲ್ಕು ಇದ್ದದ್ದು ಮೂರಾಯಿತು, ಎರಡಾಯಿತು. ಆರನೇ ದಿನ, ವಿಜಯದಶಮಿಯಂದು, ನೆಲ್ಲಿಕಾಯಿ ನೆಕ್ಕಿ ಮುಖ ಗೋಡೆಗೆ ತಿರುಗಿಸಿದ. ಮೈಯಲ್ಲಿ ಎಲುಬು ಮಾತ್ರ ಉಳಿದಿತ್ತು. ಡಾಕ್ಟರಮ್ಮ ನಮ್ಮವರನ್ನು ಕರೆದು ಹೇಳಿದರು: ನಾಳೆಯೂ ಬಾಯಿಂದ ತೆಗೆದುಕೊಳ್ಳದಿದ್ದರೆ ಹೊಟ್ಟೆಗೇ ತೂತು ಮಾಡಿ ನಳಿಗೆ ಇಡಬೇಕು. ಹಾಗೆ ಇಟ್ಟರೆ ಸದ್ಯಕ್ಕೆ ವಿಮಾನ ಹತ್ತಿಸುವ ಹಾಗಿಲ್ಲ. ಮನಸ್ಸು ಎಷ್ಟು ಮರಳುತ್ತದೆ ಅಂತಲೂ ಹೇಳಲಾಗದು.

ಮರುದಿನ ನಿಜವಾದ ಏಕಾದಶಿ. ಊರಿನ ಲೆಕ್ಕಕ್ಕೂ ಇಲ್ಲಿಯ ಲೆಕ್ಕಕ್ಕೂ ಅದೇ ದಿನ. ಬೆಳಿಗ್ಗೆ ಗಂಜಿಗೆ ಅಕ್ಕಿ ತೊಳೆದೆ. ನನ್ನ ಉಪವಾಸ ನನಗಿರಲಿ, ಅವನಿಗೆ ಇವತ್ತೊಂದು ದಿನ ಉಣ್ಣಿಸುವ ಬುದ್ಧಿ ಕೊಡು ಕೃಷ್ಣ ಅಂತ ಕೇಳಿಕೊಂಡೆ.

ವಾರ್ಡಿನಲ್ಲಿ ಡಾಕ್ಟರಮ್ಮ ಮಂಚದ ಕಾಲ ಬಳಿ ನಿಂತಿದ್ದರು, ಕೈಯಲ್ಲಿ ಫೈಲು. ನಾನು ಚಮಚ ಹಿಡಿದೆ. "ದ್ವಾದಶಿ ಅಣ್ಣ." ತುಟಿ ಮುಚ್ಚಿಯೇ ಇತ್ತು. ಆದರೆ ಅವತ್ತು ಮುಖ ತಿರುಗಿಸಲಿಲ್ಲ. ನನ್ನನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನಿಧಾನಕ್ಕೆ ಕೈ ಎತ್ತಿ, ನನ್ನ ಮಣಿಕಟ್ಟು ಹಿಡಿದು, ಚಮಚವನ್ನು ನನ್ನ ಕಡೆಗೆ ತಿರುಗಿಸಿದ.

"ನೀನು" ಅಂದ.

ಕಣ್ಣು ತೆರೆದ ಮೇಲಿನ ಹತ್ತು ದಿನದಲ್ಲಿ ಅವನು ನನಗೆ ಆಡಿದ ಮೊದಲ ಮಾತು. ಚಮಚದಲ್ಲಿ ಗಂಜಿ ಇತ್ತು. ಏಕಾದಶಿಯ ದಿನ ಅನ್ನ. ನಾನು ಬುದ್ಧಿ ಬಂದಾಗಿನಿಂದ ಮುಟ್ಟದ್ದು. ದ್ವಾದಶಿ ಅಂತ ಹೇಳಿದವಳು ಉಣ್ಣದೆ ಕೂತರೆ ಅವನು ಹೇಗೆ ನಂಬುತ್ತಾನೆ? ದೇವರನ್ನು ನೆನೆಯಲೂ ಇಲ್ಲ. ಬಾಯಿಗೆ ಹಾಕಿಕೊಂಡೆ. ಅವನು ನನ್ನ ಕತ್ತನ್ನೇ ನೋಡುತ್ತಿದ್ದ. ನುಂಗಿದೆ.

ಅವನ ತುಟಿಯ ಒಂದು ಕೊನೆ ಸ್ವಲ್ಪ ಎದ್ದಿತು.

"ಏಳು" ಅಂದ.

"ಎಂತ ಅಣ್ಣ? ಎಂತ ಏಳು?"

ಮಾತು ಕೂಡಿಸಿಕೊಳ್ಳಲು ಅವನಿಗೆ ತುಂಬಾ ಕಷ್ಟವಾಯಿತು. ಒಂದೊಂದೇ ಶಬ್ದ ಹುಡುಕಿ ತೆಗೆದು ಇಟ್ಟ.

"ಏಳು ದ್ವಾದಶಿ ಆಯ್ತು ಮಾರಾಯ್ತಿ. ನಡುವೆ... ಒಂದು ಏಕಾದಶಿಯಾದ್ರೂ... ಬೇಡ್ವಾ?"

ಡಾಕ್ಟರಮ್ಮ ಏನು ಹೇಳಿದರು, ಏನು ಹೇಳಿದರು ಅಂತ ಕೇಳುತ್ತಿದ್ದರು. ನನಗೆ ಇಂಗ್ಲಿಷೂ ಬರಲಿಲ್ಲ, ತಮಿಳೂ ಬರಲಿಲ್ಲ. ಬೆರಳು ಮಡಚಿ ಎಣಿಸಿ ನೋಡಿದೆ. ನನ್ನ ಸುಳ್ಳುಗಳು ಏಳೇ ಇದ್ದವು. ಅಣ್ಣ ಒಂದನ್ನೂ ಬಿಡದೆ ಎಣಿಸಿದ್ದ.

ಆಮೇಲೆ ಅವನು ಬಾಯಿ ತೆರೆದ. ಹಲ್ಲಿನ ಡಾಕ್ಟರಿಗೆ ತೋರಿಸುವ ಹಾಗೆ, ಪೂರ್ತಿ. ಅವನಿಗೊಂದು ಚಮಚ ಹಾಕಿದೆ. ನನ್ನ ಕಡೆ ಕಣ್ಣು ಮಾಡಿದ, ನಾನೊಂದು ಉಂಡೆ. ಪುನಃ ಅವನಿಗೆ, ಪುನಃ ನನಗೆ. ಎಂಜಲು ಅನ್ನುವುದು ಕೂಡ ನೆನಪಾಗಲಿಲ್ಲ. ಬಟ್ಟಲಿನ ತಳ ಕಾಣುವವರೆಗೆ ಇಬ್ಬರೂ ಒಂದೇ ಚಮಚದಲ್ಲಿ ಉಂಡೆವು.